ಶಿಕಾಗೋಗೆ ಮೊದಲು ಹೊರಡುವವರು ಯಾರು

ಕೊವಾರ್ ಊರಿನವರು ತಟ್ಟೆಯಲ್ಲಿ ಉಳಿದ ಕೊನೆಯ ತುಂಡನ್ನು ಯಾವತ್ತೂ ತಿಂದವರಲ್ಲ. ಅರ್ಧ ಮಾಡುತ್ತಾರೆ. ಆ ಅರ್ಧವನ್ನು ಇನ್ನೊಬ್ಬರು ಅರ್ಧ ಮಾಡುತ್ತಾರೆ. ಕಡೆಗೆ ಚೂರಿಗೂ ಸಿಗದಷ್ಟು ಚೂರು ಉಳಿದಾಗ ಮನೆಯಾಕೆ ಅದನ್ನು ನಾಯಿಗೆ ಹಾಕುತ್ತಾಳೆ. ನೆಬ್ರಾಸ್ಕಾದ ನಮ್ಮ ಬಯಲಿನಲ್ಲಿ ನಾಯಿಗಳು ಜನರಿಗಿಂತ ದಪ್ಪಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮಾರ್ಚ್ ತಿಂಗಳ ಆ ಮಧ್ಯಾಹ್ನ ಅಯೋನಳ ಅಡುಗೆಮನೆಯ ತಟ್ಟೆಯಲ್ಲಿ ಉಳಿದಿದ್ದು ಒಂದೇ ಒಂದು ಕೊಲಾಚೆ, ಹೊಟ್ಟೆಯಲ್ಲಿ ಏಪ್ರಿಕಾಟ್ ಹಣ್ಣಿನ ಹೂರಣವಿದ್ದ ಮೆತ್ತನೆಯ ಬನ್ನು. ಮೇಜಿನ ಸುತ್ತ ನಾಲ್ವರು ಗೆಳತಿಯರು. ಅವರ ಮುಂದೆ ಮೇಜು ತುಂಬುವಷ್ಟು ದೊಡ್ಡ ನಕ್ಷೆ. ಶಿಕಾಗೋದ ಮೇಲೆ ಉಪ್ಪಿನ ಡಬ್ಬಿ, ಫಿಲಡೆಲ್ಫಿಯಾದ ಮೇಲೆ ಮೆಣಸಿನಪುಡಿಯ ಡಬ್ಬಿ, ನ್ಯೂಯಾರ್ಕಿನ ಮೇಲೆ ಸಕ್ಕರೆಯ ಬಟ್ಟಲು. ಮೂರೂ ನಗರ ನೋಡಿಕೊಂಡು ಬರಬೇಕು, ನಾಲ್ವರೇ, ಒಂದೇ ಗಾಡಿಯಲ್ಲಿ. ಸ್ಕೂಲಿನ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದ ಕಾಲದಿಂದ ಮಾತಾಡಿಕೊಂಡು ಬಂದ ಪ್ರವಾಸ ಇದು. ಆಗ ಬ್ಯಾಂಡಿನ ಬಸ್ಸು ಶಿಕಾಗೋಗೆ ಹೊರಡುವ ದಿನವೇ ಹಿಮ ಬಿದ್ದು ರಸ್ತೆ ಮುಚ್ಚಿತ್ತು. ಮುಂದಿನ ವರ್ಷ ಹೋಗೋಣ ಎಂದಿದ್ದರು. ಆ ಮುಂದಿನ ವರ್ಷ ಬರುವಷ್ಟರಲ್ಲಿ ನಾಲ್ವರ ತಲೆಯೂ ನೆರೆತಿತ್ತು.

"ಏಪ್ರಿಲ್‌ನಲ್ಲಿ ಹೊರಟ್ರೆ ಹೇಗೆ?" ಎಂದಳು ರೊಸೆಲ್ಲಾ. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಹೇಳಿದ ಮರುಗಳಿಗೆಯೇ ಹಿಂದೆ ಸರಿದಳು. "ನನಗೇನೂ ಇಲ್ಲಪ್ಪ. ನಿಮಗೆಲ್ಲ ಅನುಕೂಲ ಆದ್ರೆ ಮಾತ್ರ."

"ಏಪ್ರಿಲ್ ಮುಗಿಯೋವರೆಗೂ ಅಯೋನ್ ಹಸುಗಳು ಕರು ಹಾಕ್ತಾವಲ್ಲೇ," ಎಂದಳು ಆರ್ಲಿಸ್.

"ಅಯ್ಯೋ, ನನ್ನ ಹಸುಗಳಿಗೋಸ್ಕರ ನೀವ್ಯಾಕೆ ಕಾಯ್ತೀರಿ? ನೀವು ಮೂರು ಜನ ಹೋಗ್ಬನ್ನಿ. ನಾನು ಫೋಟೋ ನೋಡ್ತೀನಿ," ಎಂದಳು ಅಯೋನ್.

"ನಿನ್ನ ಬಿಟ್ಟು ಹೋಗ್ತೀವಾ? ಮೇ ಅಂತ ಇಟ್ಕೊಳ್ಳೋಣ," ಎಂದಳು ಆರ್ಲಿಸ್.

"ಮೇನಲ್ಲಿ ರೊಸೆಲ್ಲಾ ಮೊಮ್ಮಗಳ ಸ್ಕೂಲು ಮುಗಿಯೋ ಸಮಾರಂಭ ಇದೆಯಲ್ಲ," ಎಂದಳು ಅಯೋನ್.

"ಅದಕ್ಕೇನೀಗ, ನಾನು ಅವಳಿಗೆ ಹೇಳ್ತೀನಿ..."

"ಛೆ, ಬೇಡ ಬೇಡ. ಮಗು ಬೇಜಾರು ಮಾಡ್ಕೊಳ್ಳುತ್ತೆ."

ಜೂನ್‌ನಲ್ಲಿ ಆರ್ಲಿಸ್ ಮದುವೆಗಳಿಗೆಲ್ಲ ಚರ್ಚಿನಲ್ಲಿ ಆರ್ಗನ್ ನುಡಿಸಬೇಕು. ಜುಲೈಯಲ್ಲಿ ಗೋಧಿ ಕೊಯ್ಲು. ಆಗಸ್ಟ್‌ನಲ್ಲಿ ದನಗಳ ಪ್ರದರ್ಶನ. ಸೆಪ್ಟೆಂಬರಿನ ಶುಕ್ರವಾರ ಫುಟ್‌ಬಾಲ್ ಬಿಟ್ಟು ಊರಿನಿಂದ ಕಾಲು ಕಿತ್ತವರು ಉಂಟೆ? ಹೀಗೆ ಒಬ್ಬರಿಗಾಗಿ ಇನ್ನೊಬ್ಬರು ದಾರಿ ಬಿಡುತ್ತ ಬಿಡುತ್ತ ಇಡೀ ವರ್ಷವೇ ಅವರ ಕೈಯಿಂದ ಜಾರುತ್ತಿತ್ತು.

ಅಷ್ಟು ಹೊತ್ತೂ ಸುಮ್ಮನೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ಟ್ವೈಲಾ ನಕ್ಕಳು. "ಹಾಗಾದ್ರೆ ಅಕ್ಟೋಬರ್. ಅವಸರ ಏನಿದೆ ಈಗ? ಶಿಕಾಗೋ ಎಲ್ಲೂ ಎದ್ದು ಓಡಿಹೋಗಲ್ಲ."

"ನಿನ್ನ ಕಣ್ಣು?" ಎಂದಳು ಆರ್ಲಿಸ್ ಮೆಲ್ಲಗೆ.

"ಡಾಕ್ಟರು ಇನ್ನೂ ಎರಡು ವರ್ಷ ಏನೂ ಆಗಲ್ಲ ಅಂದಿದ್ದಾರೆ ಅಂತ ಎಷ್ಟು ಸಲ ಹೇಳ್ಬೇಕೇ? ನನ್ನ ಕಣ್ಣು ನನಗಿಂತ ಗಟ್ಟಿ. ಆ ಕೊಲಾಚೆ ಯಾರಾದ್ರೂ ಮುಗಿಸಿ."

ಅಯೋನ್ ಚೂರಿ ತೆಗೆದುಕೊಂಡು ಅದನ್ನು ಅರ್ಧ ಮಾಡಿದಳು.

ಟ್ವೈಲಾಳ ಕಣ್ಣಿನ ವಿಷಯ ಊರಿಗೆಲ್ಲ ಗೊತ್ತಿತ್ತು. ನೋಟದ ನಡುಭಾಗ ಮಾಸುತ್ತ ಹೋಗಿ ಅಂಚು ಮಾತ್ರ ಉಳಿಯುವ ಕಾಯಿಲೆ. ಹೋದ ಶರತ್ಕಾಲದಲ್ಲಿ ಡಾಕ್ಟರು ಅವಳ ಗಾಡಿ ಓಡಿಸುವ ಪರವಾನಗಿ ತೆಗೆಸಿಬಿಟ್ಟಾಗ ಊರಿಗೆ ಊರೇ ಮರುಗಿತು. ಯಾಕೆಂದರೆ ಟ್ವೈಲಾ ಎಂದರೆ ರಸ್ತೆ. ಮಣ್ಣಿನ ದಾರಿಗಳನ್ನು ಹದಮಾಡುವ, ಹಿಮ ಬಿದ್ದರೆ ಬಗೆದು ಪಕ್ಕಕ್ಕೆ ಹಾಕುವ ಆ ದೈತ್ಯ ಗ್ರೇಡರ್ ಯಂತ್ರವನ್ನು ಜಿಲ್ಲೆಯಲ್ಲಿ ಓಡಿಸಿದ ಮೊದಲ ಹೆಂಗಸು ಅವಳು. "ಹೆಂಗಸಿನ ಕೈಲಿ ಆಗುತ್ತಾ ಇದು?" ಎಂದು ಕೇಳಿದ ಗಂಡಸರ ಮನೆಯ ಮುಂದಿನ ದಾರಿಯನ್ನೇ ಮೊದಲು ನುಣ್ಣಗೆ ಮಾಡಿಕೊಟ್ಟವಳು.

ಆರ್ಲಿಸ್‌ಗೆ ಟ್ವೈಲಾಳ ಮೇಲಿದ್ದದ್ದು ಬರೀ ಸ್ನೇಹವಲ್ಲ, ಭಕ್ತಿ ಎಂದರೂ ನಡೆದೀತು. ಮಗ ಹುಟ್ಟುವ ದಿನ ಆರ್ಲಿಸ್ ನೋವು ತಿನ್ನುತ್ತ ಮಲಗಿದ್ದಾಗ ಹೊರಗೆ ಆಕಾಶ ಯಾವುದು, ನೆಲ ಯಾವುದು ತಿಳಿಯದಂಥ ಹಿಮಗಾಳಿ. ಗಂಡ ಲೀಲ್ಯಾಂಡ್ ಕೈ ಕೈ ಹಿಸುಕಿಕೊಳ್ಳುತ್ತಿದ್ದ. ಆಗ ಅಂಗಳದಲ್ಲಿ ಹಳದಿ ದೀಪ ಕಂಡಿತು. ಯಾರೂ ಕರೆದಿರಲಿಲ್ಲ. ಟ್ವೈಲಾ ಗ್ರೇಡರ್ ತಂದು ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ, "ನನ್ನ ಹಿಂದೇನೇ ಬನ್ನಿ, ಪಕ್ಕಕ್ಕೆ ಹೋಗ್ಬೇಡಿ" ಎಂದಿದ್ದಳು. ಹೆದ್ದಾರಿಯವರೆಗೂ ಅವಳು ಮುಂದೆ ಹಿಮ ಬಗೆಯುತ್ತ, ಇವರು ತಮ್ಮ ಗಾಡಿಯಲ್ಲಿ ಹಿಂದೆ ತೆವಳುತ್ತ ಹೋದರು. ಆಂಬುಲೆನ್ಸ್ ಸಿಕ್ಕಿದ ಮೇಲೆ ಒಂದು ಮಾತೂ ಆಡದೆ ತಿರುಗಿಸಿಕೊಂಡು ಕೆಲಸಕ್ಕೆ ಹೋದಳು. ಆಮೇಲೆ ಆರ್ಲಿಸ್ ಕಣ್ಣೀರು ಹಾಕಿಕೊಂಡು ಹೇಳಲು ಹೋದರೆ, "ಆ ರಸ್ತೆ ಹೇಗೂ ಮಾಡ್ಬೇಕಿತ್ತು ಕಣೇ" ಎಂದಿದ್ದಳು, ಅಷ್ಟೆ.

ಅಂಥವಳಿಗೆ ನ್ಯೂಯಾರ್ಕಿನ ದೊಡ್ಡ ಸೇತುವೆಯ ಮೇಲೆ ನಿಂತು ಸಂಜೆ ದೀಪ ಹತ್ತುವುದನ್ನು ನೋಡಬೇಕು ಅಂತ ಆಸೆ. ಜೀವಮಾನದಲ್ಲಿ ತನಗಾಗಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅದನ್ನು ಅವಳು ಕಣ್ಣಾರೆ ನೋಡಬೇಕು, ನೋಡದೆ ಹೋದರೆ ತಾನು ಗೆಳತಿ ಅಂತ ಇದ್ದೂ ದಂಡ ಎಂದು ಆರ್ಲಿಸ್‌ಗೆ ಅನ್ನಿಸುತ್ತಿತ್ತು.

ಆದರೆ ಗಾಡಿ ಓಡಿಸುವವರು ಯಾರು? ನಾಲ್ವರೂ ಅವರ ಸಾಮಾನೂ ಹಿಡಿಸುವಂಥ ವ್ಯಾನ್ ಇದ್ದದ್ದು ಆರ್ಲಿಸ್ ಮನೆಯಲ್ಲಿ. ಲೀಲ್ಯಾಂಡ್ ತೀರಿಕೊಳ್ಳುವ ಮುಂಚೆ ಆಸೆಪಟ್ಟು ಕೊಂಡಿದ್ದ ವ್ಯಾನ್. ಅವನಿದ್ದಷ್ಟು ದಿನ ಆರ್ಲಿಸ್ ಪಕ್ಕದ ಸೀಟಿನಲ್ಲಿ ಸ್ಯಾಂಡ್‌ವಿಚ್ ಬಿಚ್ಚಿಕೊಡುವ ಕೆಲಸದವಳು. ಈಗ ಚರ್ಚಿಗೆ, ಅಂಗಡಿಗೆ, ಸ್ಮಶಾನಕ್ಕೆ ಹೋಗಿ ಬರುತ್ತಿದ್ದಳು. ಮೂರರ ದಾರಿಯಲ್ಲೂ ಒಂದೂ ತಿರುವಿಲ್ಲ. ಅಯೋನ್ ಟ್ರ್ಯಾಕ್ಟರ್ ಬಿಟ್ಟು ಬೇರೆ ಏನನ್ನೂ ನಂಬುವವಳಲ್ಲ. ರೊಸೆಲ್ಲಾಗೆ ಎಂಜಿನ್ನಿನ ಸದ್ದು ಕೇಳಿದರೆ ನಿದ್ದೆ ಬರುತ್ತದೆ. ಸುತ್ತಿ ಬಳಸಿ ಕೆಲಸ ಆರ್ಲಿಸ್ ತಲೆಗೇ ಬಂತು.

"ನಾನು ಕಲಿಸ್ತೀನಿ," ಎಂದಿದ್ದಳು ಟ್ವೈಲಾ. "ಕೈ ನಿಂದು, ಧೈರ್ಯ ನಂದು."

ಹಾಗೆ ಪಾಠ ಶುರುವಾಗಿತ್ತು. ವಾರಕ್ಕೆರಡು ಸಲ ಹೆದ್ದಾರಿಗೆ ಹೋಗುವುದು. ಮನೆಯಷ್ಟು ಎತ್ತರದ ಲಾರಿಗಳು ಪಕ್ಕದಲ್ಲಿ ಹಾದುಹೋದರೆ ಆರ್ಲಿಸ್ ವೇಗ ಇಳಿಸಿಬಿಡುತ್ತಿದ್ದಳು. ನಮ್ಮ ಕಡೆ ಎದುರಿಗೆ ಗಾಡಿ ಬಂದರೆ ಸ್ಟಿಯರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕಾರ ಮಾಡುವುದು ಪದ್ಧತಿ. ಆರ್ಲಿಸ್ ಹೆದ್ದಾರಿಯಲ್ಲೂ ಎಲ್ಲರಿಗೂ ಬೆರಳೆತ್ತುತ್ತಿದ್ದಳು.

"ಲಾರಿಯವನಿಗೆಲ್ಲ ಯಾಕೆ ಬೆರಳೆತ್ತುತ್ತೀಯೇ? ಅವನೇನು ನಿಮ್ಮ ಮಾವನಾ?"

"ಎತ್ತದೆ ಇದ್ರೆ ಏನಂದ್ಕೊಳ್ತಾನೋ."

"ಏನೂ ಅಂದ್ಕೊಳ್ಳಲ್ಲ. ಅವನು ಡೆನ್ವರ್‌ನಲ್ಲಿ ಊಟ ಏನು ಸಿಗುತ್ತೆ ಅಂತ ಯೋಚ್ನೆ ಮಾಡ್ತಿರ್ತಾನೆ. ಒತ್ತು, ಒತ್ತು, ಇನ್ನೂ ಸ್ವಲ್ಪ ವೇಗ. ನೀನು ಆರ್ಗನ್ ಪೆಡಲು ತುಳಿಯೋವಾಗ ಹೀಗೆ ಹೆದರ್ತೀಯಾ?"

"ಆರ್ಗನ್ ಎದ್ದು ಓಡಲ್ವಲ್ಲ."

ನಗುತ್ತ ನಗುತ್ತಲೇ ಹದ ಸಿಕ್ಕಿತು. ಟ್ವೈಲಾ ಕಲಿಸುವುದನ್ನು ನೋಡುವುದೇ ಒಂದು ಸುಖ. ಟೈರಿನ ಸದ್ದಿನಲ್ಲೇ ರಸ್ತೆ ಒದ್ದೆಯೋ ಒಣಗಿದೆಯೋ ಹೇಳುತ್ತಿದ್ದಳು. ಯಾವ ಉಬ್ಬು ಎಲ್ಲಿದೆ, ಯಾವ ಸೇತುವೆ ಎಲ್ಲಿ ಕಿರಿದಾಗುತ್ತದೆ ಎಲ್ಲ ಮೊದಲೇ ಹೇಳಿಬಿಡುತ್ತಿದ್ದಳು. ಇಷ್ಟು ಸ್ಪಷ್ಟವಾಗಿ ಹೇಳುವವಳಿಗೆ ಕಣ್ಣಿನ ತೊಂದರೆ ಅಂದರೆ ಡಾಕ್ಟರಿಗೇ ಕಣ್ಣು ಸರಿಯಿಲ್ಲ ಎಂದುಕೊಂಡಳು ಆರ್ಲಿಸ್. ಈಚೆಗೆ ಟ್ವೈಲಾ ಮಾತಾಡುವಾಗ ಕೋಳಿಯ ಹಾಗೆ ಗದ್ದವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಾಳೆ ಎಂಬುದನ್ನು ಗಮನಿಸಿದ್ದರೂ, ವಯಸ್ಸಾಯಿತಲ್ಲ, ಕುತ್ತಿಗೆ ಹಿಡಿದಿರಬೇಕು ಎಂದು ಬಿಟ್ಟಿದ್ದಳು.

ಹೆದ್ದಾರಿ ಮುಗಿದ ಮೇಲೆ ಉಳಿದದ್ದು ನಗರದೊಳಗಿನ ಪಾಠ. ಅದನ್ನು ಕಲಿಸಲು ಕೊವಾರ್‌ನಲ್ಲಿ ನಗರ ಎಲ್ಲಿದೆ? ಇರುವುದು ಒಂದು ಧಾನ್ಯದ ಗೋಪುರ, ಒಂದು ಚರ್ಚು, ನಾಲ್ಕು ದಾರಿ ಕೂಡುವ ಒಂದೇ ಕೂಡುರಸ್ತೆ. ಅಲ್ಲಿ ನಾಲ್ಕೂ ಕಡೆ ನಿಲ್ಲು ಎನ್ನುವ ಕೆಂಪು ಫಲಕ. ಮೊದಲು ಬಂದವರು ಮೊದಲು ಹೋಗಬೇಕು ಅನ್ನುವುದು ಕಾನೂನು. ಆದರೆ ನಮ್ಮೂರಲ್ಲಿ ಮೊದಲು ಹೋಗಲು ಒಪ್ಪುವ ಪ್ರಾಣಿ ಹುಟ್ಟಿಲ್ಲ. ನೀವು ಹೋಗಿ ಎಂದು ಇವರು ಕೈ ಬೀಸುತ್ತಾರೆ, ಇಲ್ಲ ನೀವೇ ಎಂದು ಅವರು ಬೀಸುತ್ತಾರೆ. ಅಲ್ಲಿ ಕಾದು ಕಾದು ಊಟ ಆರಿಹೋದವರಿದ್ದಾರೆ. ಇನ್ನು ಹಾರ್ನ್ ಅಂತೂ ನಮ್ಮಲ್ಲಿ ಶಾಲೆಯ ತಂಡ ಗೆದ್ದು ಬಂದ ದಿನ ಬಿಟ್ಟರೆ ಮತ್ತೆ ಕೇಳಿಸುವುದಿಲ್ಲ.

"ಶಿಕಾಗೋದಲ್ಲಿ ನೀನು ಹೀಗೆ ಕೈ ಬೀಸ್ತಾ ನಿಂತ್ರೆ ಕ್ರಿಸ್‌ಮಸ್‌ಗೆ ಮನೆಗೆ ಬರ್ತೀವಿ," ಎಂದಳು ಟ್ವೈಲಾ. "ಭಾನುವಾರ ಇಲ್ಲೇ ಶಿಕಾಗೋ ಮಾಡೋಣ. ನಾನು ಜನ ಕರೀತೀನಿ."

ಭಾನುವಾರ ಪೂಜೆ ಮುಗಿದ ಮೇಲೆ ಜನರನ್ನು ಕರೆದೇಬಿಟ್ಟಳು. ಮೂರು ಪಿಕಪ್ ಗಾಡಿಗಳು ಬಂದವು. ಒಂದರಲ್ಲಿ ರೊಸೆಲ್ಲಾಳ ತಮ್ಮ ಡೇಲ್. ಇನ್ನೊಂದರಲ್ಲಿ ಚರ್ಚಿನ ಫಾದರ್ ಅಲೋಯ್ಸ್. ಮೂರನೆಯದರಲ್ಲಿ ವರ್ಜಿಲ್, ಊರಿನಲ್ಲೇ ಅತಿ ಸಿಡುಕ ಎಂದು ಹೆಸರಾದ ಹಿರಿಯ. ಸಿಡುಕ ಅಂತಲೇ ಟ್ವೈಲಾ ಅವನನ್ನು ಆರಿಸಿ ಕರೆದಿದ್ದಳು.

ಮೂವರನ್ನೂ ನಿಲ್ಲಿಸಿ ಟ್ವೈಲಾ ಅಪ್ಪಣೆ ಕೊಟ್ಟಳು. "ನೀವೀಗ ಶಿಕಾಗೋದವರು. ಆರ್ಲಿಸ್‌ಗೆ ದಾರಿ ಬಿಡಬಾರದು. ಅಡ್ಡ ನುಗ್ಬೇಕು. ಹಾರ್ನ್ ಹೊಡೀಬೇಕು. ಬೈದ್ರೂ ತೊಂದ್ರೆ ಇಲ್ಲ. ಫಾದರ್, ನೀವು ಬೈಯೋದು ಬೇಡ."

"ಯಾಕೆ, ನನಗೆ ಬರಲ್ಲ ಅಂದ್ಕೊಂಡ್ಯಾ?" ಎಂದರು ಫಾದರ್.

ಕಾಫಿ ಲೋಟ ಹಿಡಿದುಕೊಂಡು ಊರಿನ ಅರ್ಧ ಜನ ನೋಡಲು ಬಂದಿತು. ಉಳಿದರ್ಧ ಚರ್ಚಿನ ನೆಲಮಾಳಿಗೆಯಲ್ಲಿ ಸಂಜೆಯ ಊಟಕ್ಕೆ ತಯಾರಿ ಮಾಡುತ್ತಿತ್ತು. ಅಯೋನ್, ರೊಸೆಲ್ಲಾ ಇಬ್ಬರೂ ಅಲ್ಲೇ ಇದ್ದರು.

ಮೊದಲ ಸುತ್ತಿನಲ್ಲಿ ಡೇಲ್ ಧೈರ್ಯ ಮಾಡಿ ಎರಡಡಿ ಮುಂದೆ ಬಂದ. ಆರ್ಲಿಸ್ ಮುಖ ನೋಡಿದ. ತಕ್ಷಣ ಹಿಂದಕ್ಕೆ ತೆಗೆದು ಕೈ ಬೀಸಿದ. ಎರಡನೆಯ ಸುತ್ತಿನಲ್ಲಿ ಫಾದರ್ ಹಾರ್ನನ್ನು ಒಂದೇ ಒಂದು ಸಲ, ಹಾಲು ಕುಡಿಯುವ ಬೆಕ್ಕಿನಷ್ಟು ಮೆಲ್ಲಗೆ ಕೂಗಿಸಿ, ಕಿಟಕಿಯಿಂದ ತಲೆ ಹಾಕಿ, "ಕ್ಷಮಿಸಮ್ಮ ಆರ್ಲಿಸ್, ಅವಳು ಹೇಳಿದ್ದಕ್ಕೆ ಹೊಡೆದೆ" ಎಂದರು. ನೋಡುತ್ತಿದ್ದವರು ಬಿದ್ದು ಬಿದ್ದು ನಕ್ಕರು. ಮೂರನೆಯ ಸುತ್ತಿಗೆ ನಾಲ್ಕು ಗಾಡಿಗಳೂ ಒಟ್ಟಿಗೆ ಬಂದು ನಾಲ್ಕು ಫಲಕಗಳ ಮುಂದೆ ನಿಂತವು. ನಿಂತದ್ದು ನಿಂತೇ ಬಿಟ್ಟವು. ಡೇಲ್ ಆರ್ಲಿಸ್‌ಗೆ ಕೈ ಬೀಸಿದ. ಆರ್ಲಿಸ್ ಫಾದರ್‌ಗೆ ಬೀಸಿದಳು. ಫಾದರ್ ವರ್ಜಿಲ್‌ಗೆ ಬೀಸಿದರು. ಊರಿಗೆ ಸಿಡುಕನಾದ ವರ್ಜಿಲ್, ನೇರ ಎದುರಿಗೆ ತನ್ನ ಮಣ್ಣಿನ ಬಣ್ಣದ ಹಳೇ ಪಿಕಪ್ಪಿನಲ್ಲಿ ಕೂತು, ಹುಬ್ಬು ಗಂಟಿಕ್ಕಿಕೊಂಡೇ ಆರ್ಲಿಸ್‌ಗೆ ಹೋಗಮ್ಮ ಎಂದು ಕೈ ಬೀಸುತ್ತಿದ್ದ.

"ಅಯ್ಯೋ ನಿಮ್ಮ ಮರ್ಯಾದೆಗೆ ಬೆಂಕಿ ಬೀಳ್ಲಿ!" ಎಂದು ಪಕ್ಕದ ಸೀಟಿನಲ್ಲಿದ್ದ ಟ್ವೈಲಾ ತಲೆ ಚಚ್ಚಿಕೊಂಡಳು. "ಎಡಗಡೆ ಡೇಲ್ ನಿಂತಿದ್ದಾನೆ. ಬಲಗಡೆ ಫಾದರ್ ನಿಂತಿದ್ದಾರೆ. ಇನ್ನು ಯಾರಿಗೇ ಕಾಯ್ತಿದ್ದೀಯಾ? ಎದುರುಗಡೆ ಖಾಲಿ. ಹೋಗು!"

ಆರ್ಲಿಸ್ ಕಾಲು ಬ್ರೇಕಿನ ಮೇಲೇ ಉಳಿಯಿತು.

ಎದುರುಗಡೆ ವರ್ಜಿಲ್ ಇದ್ದ. ರಸ್ತೆ ದಾಟಿದರೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ, ಒಂದು ಕೈಯನ್ನು ಕಿಟಕಿಯಿಂದ ಹೊರಗೆ ಚಾಚಿಕೊಂಡು. ಟ್ವೈಲಾ ನೇರ ಅವನನ್ನೇ ನೋಡುತ್ತಿದ್ದಳು.

"ಟ್ವೈಲಾ, ಎದುರಿಗೆ ಏನು ಕಾಣ್ತಿದೆ ನಿನಗೆ?"

"ರಸ್ತೆ. ಇನ್ನೇನು ಕಾಣ್ಬೇಕು?"

"ಸರಿಯಾಗಿ ನೋಡಿ ಹೇಳು."

ಟ್ವೈಲಾಳ ಗದ್ದ ಮೆಲ್ಲಗೆ ಪಕ್ಕಕ್ಕೆ ತಿರುಗಿತು, ಕೋಳಿಯ ಹಾಗೆ. ಅಂಚುಗಣ್ಣಿಗೆ ಪಿಕಪ್ ಸಿಕ್ಕಿರಬೇಕು. ಅವಳ ಮುಖದ ನಗು ಇಳಿಯಿತು. ಗ್ರೇಡರಿನ ಲಿವರ್‌ಗಳನ್ನು ಎಳೆದು ಎಳೆದು ಗಂಟುಗಟ್ಟಿದ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು.

"ಯಾವತ್ತಿಂದ ಹೀಗೆ?" ಎಂದು ಕೇಳಿದಳು ಆರ್ಲಿಸ್.

"ಕ್ರಿಸ್‌ಮಸ್ ಆದ್ಮೇಲಿಂದ."

"ಡಾಕ್ಟರು ಎರಡು ವರ್ಷ ಅಂದಿದ್ರು ಅಂದೆ."

"ಮೊದಲು ಹಾಗೇ ಅಂದಿದ್ರು. ಆಮೇಲೆ ಬೇರೆ ಹೇಳಿದ್ರು. ಬೇಸಿಗೆ ಬರೋ ಹೊತ್ತಿಗೆ ಅಂಚೂ ಮಸುಕಾಗ್ಬಹುದಂತೆ."

"ಹಾಗಿದ್ರೂ ಅಕ್ಟೋಬರ್ ಅಂದ್ಯಲ್ಲೇ! ಯಾಕೆ ಬಾಯಿ ಬಿಡ್ಲಿಲ್ಲ?"

"ಅಯೋನ್‌ಗೆ ಕರು ಹಾಕೋ ಕಾಲ. ರೊಸೆಲ್ಲಾಗೆ ಮೊಮ್ಮಗಳದು. ನಿನಗೆ ಆರ್ಗನ್." ಟ್ವೈಲಾ ಭುಜ ಹಾರಿಸಿದಳು. "ನನ್ನಿಂದ ನಿಮಗೆಲ್ಲ ಯಾಕೆ ತೊಂದ್ರೆ? ನೀವು ನೋಡಿ ಹೇಳಿದ್ರೆ ಆಯ್ತು ಅಂದ್ಕೊಂಡೆ."

ಆರ್ಲಿಸ್‌ಗೆ ಬಂದಂಥ ಸಿಟ್ಟು ಹುಟ್ಟಿದಾರಭ್ಯ ಬಂದಿರಲಿಲ್ಲ. ಟ್ವೈಲಾ ಮೇಲೆ ಬಂತು. ಮೂರೂ ಕಡೆಯಿಂದ ಕೈ ಬೀಸುತ್ತ ಕೂತಿದ್ದ ಗಂಡಸರ ಮೇಲೆ ಬಂತು. ಅಡುಗೆಮನೆಯಲ್ಲಿ ಕೂತು ಒಂದು ಕೊಲಾಚೆಯನ್ನು ಹದಿನಾರು ಮಾಡಿದ ತನ್ನ ಮೇಲೇ ಎಲ್ಲಕ್ಕಿಂತ ಹೆಚ್ಚು ಬಂತು. ಹಿಮದಲ್ಲಿ ಕರೆಯದೆ ಬಂದು ದಾರಿ ಮಾಡಿಕೊಟ್ಟವಳು ಇವಳು. ಇವಳಿಗೆ ದಾರಿ ಬೇಕಾದಾಗ ತಾವೆಲ್ಲ ಏನು ಮಾಡಿದೆವು? ಒಬ್ಬರಿಗೊಬ್ಬರು ಮರ್ಯಾದೆ ತೋರಿಸಿಕೊಂಡು ಅವಳ ದಾರಿಗೇ ಅಡ್ಡ ನಿಂತೆವು.

ಅವಳು ಅಂಗೈಯನ್ನು ಹಾರ್ನಿನ ಮೇಲಿಟ್ಟು ಒತ್ತಿದಳು. ಒತ್ತಿದ ಕೈ ತೆಗೆಯಲಿಲ್ಲ.

ಲೀಲ್ಯಾಂಡ್ ಕೊಂಡಂದಿನಿಂದ ಆ ವ್ಯಾನಿನ ದನಿ ಯಾರೂ ಕೇಳಿರಲಿಲ್ಲ. ಈಗ ಅದು ಕಟುಕನನ್ನು ಕಂಡ ಗೂಳಿಯ ಹಾಗೆ ಅರಚಿತು. ಧಾನ್ಯದ ಗೋಪುರದ ಮೇಲಿದ್ದ ಪಾರಿವಾಳಗಳೆಲ್ಲ ಎದ್ದವು. ಬಾಯಿಗೆ ಹೋಗುತ್ತಿದ್ದ ಕಾಫಿ ಲೋಟಗಳು ನಡುದಾರಿಯಲ್ಲಿ ನಿಂತವು. ಆರ್ಲಿಸ್ ಯಾರ ಮುಖವನ್ನೂ ನೋಡದೆ, ಒಂದು ಬೆರಳನ್ನೂ ಎತ್ತದೆ, ಕೂಡುರಸ್ತೆ ದಾಟಿ ನೆಟ್ಟಗೆ ಚರ್ಚಿನ ಬಾಗಿಲಿಗೆ ಹೋಗಿ ನಿಲ್ಲಿಸಿದಳು. ಅಲ್ಲಿಯವರೆಗೂ ಹಾರ್ನ್ ಕೂಗುತ್ತಲೇ ಇತ್ತು.

ನೆಲಮಾಳಿಗೆಯಲ್ಲಿ ಉದ್ದನೆಯ ಮೇಜುಗಳ ಮೇಲೆ ಊಟ ಇಡುತ್ತಿದ್ದರು. ರಾಜ್ಮಾ ಕಾಳೂ ಕೈಮಾವೂ ಹಾಕಿದ ಖಾರದ ಸಾರು, ಅದಕ್ಕೆ ನಂಚಿಕೊಳ್ಳಲು ಚಕ್ಕೆಪುಡಿ ಸುತ್ತಿದ ಸಿಹಿ ಬನ್ನು. ಅಯೋನ್ ಕೈಯಲ್ಲಿ ಸೌಟು ಹಿಡಿದು, "ಯಾರದೇ ಅದು ಹಾರ್ನ್? ನಮ್ಮ ತಂಡ ಗೆಲ್ತಾ?" ಎಂದು ಕೇಳುತ್ತ ಬಂದಳು.

"ನಾಳೆ ಹೊರಡ್ತೀವಿ," ಎಂದಳು ಆರ್ಲಿಸ್.

"ಎಲ್ಲಿಗೆ?"

"ಶಿಕಾಗೋಗೆ. ಆಮೇಲೆ ಫಿಲಡೆಲ್ಫಿಯಾ. ಆಮೇಲೆ ನ್ಯೂಯಾರ್ಕ್. ನಾಲ್ಕೂ ಜನ. ಬೆಳಿಗ್ಗೆ ತಿಂಡಿ ತಿಂದು ಹೊರಡೋದು."

"ನಾಳೆನಾ? ಹುಚ್ಚು ಹಿಡಿದಿದ್ಯಾ ನಿನಗೆ? ನನ್ನ ಕಡಸುಗಳು..."

"ನಿನ್ನ ಗಂಡ ಡೆನ್ನಿಸ್‌ಗೆ ಎರಡು ಕೈ ಇದೆ. ಕಣ್ಣೂ ಎರಡಿದೆ. ಇವಳಿಗಿಲ್ಲ." ಆರ್ಲಿಸ್ ಹಿಂದೆ ನಿಂತಿದ್ದ ಟ್ವೈಲಾಳ ತೋಳು ಹಿಡಿದು ಮುಂದಕ್ಕೆ ಎಳೆದಳು. "ನೀನೇ ಹೇಳ್ತೀಯೋ, ನಾನು ಹೇಳ್ಲೋ?"

ಟ್ವೈಲಾ ನೆಲ ನೋಡುತ್ತ ಎರಡೇ ಮಾತಿನಲ್ಲಿ ಹೇಳಿದಳು. ಸಾರು ಬಡಿಸುತ್ತಿದ್ದವರು ಬಡಿಸುವುದನ್ನು ನಿಲ್ಲಿಸಿದರು. ಅಯೋನ್ ಸೌಟನ್ನು ಮೇಜಿನ ಮೇಲಿಟ್ಟು, ಏಪ್ರನ್ನಿನ ಅಂಚಿನಿಂದ ಮೂಗೊರೆಸಿಕೊಂಡಳು.

"ಹಾಳಾದವಳೇ," ಎಂದಳು ಟ್ವೈಲಾಗೆ. "ಮುಂಚೇನೇ ಹೇಳೋಕೆ ನಿನಗೇನು ಧಾಡಿಯಾಗಿತ್ತು? ನನ್ನ ಹಸು ನಿನಗಿಂತ ಹೆಚ್ಚಾ?"

"ಕಡಸುಗಳ ಹತ್ರ ನಾನಿರ್ತೀನಿ," ಎಂದಿತು ಒಂದು ಗೊಗ್ಗರು ದನಿ. ವರ್ಜಿಲ್ ಬಾಗಿಲಲ್ಲಿ ಟೋಪಿ ಕೈಲಿ ಹಿಡಿದು ನಿಂತಿದ್ದ. ಹಾರ್ನ್ ಕೇಳಿ ಏನೋ ಅನಾಹುತ ಆಯಿತೆಂದು ಓಡಿ ಬಂದಿದ್ದನಂತೆ. "ಡೆನ್ನಿಸ್‌ಗೆ ಒಬ್ಬನಿಗೇ ಆಗಲ್ಲ. ನನಗೇನು ಮನೇಲಿ ಯಾರು ಕಾಯ್ತಿದ್ದಾರೆ? ನೀವು ಹೋಗ್ರಮ್ಮ."

"ಮೊಮ್ಮಗಳ ಸಮಾರಂಭ ಮೇನಲ್ಲಲ್ವಾ, ಅಷ್ಟರಲ್ಲಿ ಬಂದುಬಿಡ್ತೀವಿ," ಎಂದಳು ರೊಸೆಲ್ಲಾ. ಅವಳ ಮುಖ ಆಗಲೇ ಅರಳಿತ್ತು. "ನಿಜ ಹೇಳ್ಲಾ? ನಮ್ಮಜ್ಜಿ ಹಡಗಿಂದ ಇಳಿದ ಬಂದರು ನ್ಯೂಯಾರ್ಕಲ್ಲಿದೆ. ಅದನ್ನ ನೋಡ್ಬೇಕು ಅಂತ ನನಗೆ ಎಷ್ಟು ಆಸೆ ಗೊತ್ತಾ? ನಿಮಗೆ ಬೇಜಾರಾದೀತು ಅಂತ ಹೇಳಿರ್ಲಿಲ್ಲ."

"ನನಗೆ ಶಿಕಾಗೋದಲ್ಲಿ ಲಿಫ್ಟಲ್ಲಿ ಮೇಲೆ ತುದೀವರೆಗೂ ಹೋಗ್ಬೇಕು," ಎಂದುಬಿಟ್ಟಳು ಅಯೋನ್. "ಒಂದು ಸಲ ಅಲ್ಲ. ಎರಡು ಸಲ."

ಒಬ್ಬರು ಮೊದಲು ಹೋದದ್ದೇ ತಡ, ಹಿಂದೆ ಸಾಲಾಗಿ ನಿಂತವರೆಲ್ಲ ಹೊರಟ ಹಾಗಾಯಿತು. ಮುಂದಿನ ಭಾನುವಾರಗಳಿಗೆ ಆರ್ಗನ್ ಇಲ್ಲದಿದ್ದರೆ ನಾವೇ ಹಾಡಿಕೊಳ್ಳುತ್ತೇವೆ, ದೇವರು ತಾಳಿಕೊಳ್ಳಲಿ ಎಂದರು ಫಾದರ್. ಯಾರೋ ದೊಡ್ಡ ತಂಪುಪೆಟ್ಟಿಗೆ ಕೊಡುತ್ತೇನೆಂದರು. ಯಾರೋ ಶಿಕಾಗೋದಲ್ಲಿ ಸೋದರಳಿಯನಿದ್ದಾನೆ, ಮಲಗಲು ಜಾಗ ಕೊಡದಿದ್ದರೆ ನನಗೆ ಹೇಳಿ ಎಂದರು. ಆರ್ಲಿಸ್ ಕುರ್ಚಿಯೊಂದನ್ನು ಎಳೆದು ಕೂತಳು. ಮುಂದೆ ತಟ್ಟೆಯಲ್ಲಿ ಒಂದೇ ಒಂದು ಸಿಹಿ ಬನ್ನು ಉಳಿದಿತ್ತು. ರೊಸೆಲ್ಲಾ ಅಭ್ಯಾಸಬಲದಿಂದ ಚೂರಿ ಹುಡುಕಿದಳು. ಆರ್ಲಿಸ್ ಬನ್ನನ್ನು ಕೈಗೆತ್ತಿಕೊಂಡು ಎಲ್ಲರ ಕಣ್ಣೆದುರೇ ಕಚ್ಚಿದಳು. ಪೂರ್ತಿ ತಿಂದಳು. ಆ ನೆಲಮಾಳಿಗೆಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ.

ಟ್ವೈಲಾ ಗದ್ದ ಓರೆ ಮಾಡಿ ಅವಳನ್ನು ನೋಡಿ ಗಹಗಹಿಸಿ ನಕ್ಕಳು. "ಪಾಸಾದೆ ಹೋಗೇ!" ಎಂದಳು.

ಮರುದಿನ ಬೆಳಿಗ್ಗೆ ಬಿಳಿ ಬಿಸಿಲು. ಬೀಳ್ಕೊಡುವುದು ನಮ್ಮಲ್ಲಿ ಬೇಗ ಮುಗಿಯುವ ಕೆಲಸವಲ್ಲ. ಮೇಜಿನ ಹತ್ತಿರ ಒಂದು ಸಲ, ಬಾಗಿಲಲ್ಲಿ ಒಂದು ಸಲ, ಗಾಡಿಯ ಕಿಟಕಿಗೆ ಬಗ್ಗಿಕೊಂಡು ಮತ್ತೊಂದು ಸಲ. ಡೆನ್ನಿಸ್ ಕಿಟಕಿಯಲ್ಲಿ ಬಗ್ಗಿ ಹವೆಯ ವಿಷಯ ಶುರು ಮಾಡುವ ಮುಂಚೆಯೇ ಆರ್ಲಿಸ್ ಗಾಜು ಏರಿಸಿದಳು. ಹಿಂದಿನ ಸೀಟಿನಲ್ಲಿ ಅಯೋನ್ ಮಡಿಲ ತುಂಬ ಕೊಲಾಚೆ ಡಬ್ಬಿ. ರೊಸೆಲ್ಲಾ ಎಂಜಿನ್ ಶುರುವಾದ ಕೂಡಲೇ ಆಕಳಿಸಿದಳು. ಮುಂದೆ ಟ್ವೈಲಾ.

ಕೂಡುರಸ್ತೆಗೆ ಬಂದಾಗ ಆರ್ಲಿಸ್ ಫಲಕಕ್ಕೆ ನಿಲ್ಲಿಸಿದಳು. ಉಳಿದ ಮೂರೂ ದಾರಿಗಳಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಪಿಕಪ್‌ಗಳು, ಎರಡು ಟ್ರ್ಯಾಕ್ಟರ್, ಟ್ವೈಲಾ ಇಷ್ಟು ವರ್ಷ ಓಡಿಸಿದ ಹಳದಿ ಗ್ರೇಡರ್ ಕೂಡ. ಯಾರೂ ಕೈ ಬೀಸಲಿಲ್ಲ. ಒಬ್ಬ ಹಾರ್ನ್ ಒತ್ತಿದ. ಇನ್ನೊಬ್ಬ ಒತ್ತಿದ. ಆಮೇಲೆ ಎಲ್ಲರೂ ಒಟ್ಟಿಗೆ, ಭಾನುವಾರ ಹೊಡೆಯಲಾರದೆ ಹೋದದ್ದನ್ನೆಲ್ಲ ಸೇರಿಸಿ ಹೊಡೆದರು.

"ಯಾರ್ಯಾರೇ ಅದು?" ಎಂದು ಕೂಗಿದಳು ಟ್ವೈಲಾ, ಆ ಗದ್ದಲದಲ್ಲಿ ಮುಖವನ್ನು ಅತ್ತ ಇತ್ತ ತಿರುಗಿಸುತ್ತ.

"ಎಡಗಡೆ ಡೇಲ್. ಬಲಗಡೆ ಫಾದರ್, ಎರಡೂ ಕೈಲಿ ಹೊಡೀತಿದ್ದಾರೆ. ಎದುರಿಗೆ ನಿನ್ನ ಗ್ರೇಡರ್. ಓಡಿಸ್ತಿರೋ ಹುಡುಗಿ ಟೋಪಿ ತೆಗೆದು ಹಿಡ್ಕೊಂಡಿದ್ದಾಳೆ."

"ಹುಡುಗೀನಾ?"

"ಹುಡುಗೀನೇ. ನಿನ್ನ ಕೆಲಸ ಈಗ ಅವಳಿಗೆ ಕೊಟ್ಟಿದ್ದಾರಂತೆ."

ಟ್ವೈಲಾ ಗದ್ದ ಪಕ್ಕಕ್ಕೆ ತಿರುಗಿಸಿಕೊಂಡು, ಹಳದಿ ಬಣ್ಣ ಸಿಗುವವರೆಗೂ ಹುಡುಕಿ, ಸಿಕ್ಕಿದ ಮೇಲೆ ಅದನ್ನೇ ನೋಡುತ್ತ ಕೂತಳು.

"ನ್ಯೂಯಾರ್ಕಿನ ಸೇತುವೇನೂ ಹೀಗೆ ಓರೆಯಾಗಿ ನೋಡ್ಬೇಕಾಗುತ್ತೆ ಕಣೇ," ಎಂದಳು. "ನಡುವಿನದ್ದು ಏನೂ ಸಿಗಲ್ಲ."

"ಅಂಚು ನೀನು ನೋಡ್ಕೋ," ಎಂದಳು ಆರ್ಲಿಸ್. "ನಡುವಿನದ್ದು ನಾನು ಹೇಳ್ತೀನಿ. ಒಂದೂ ಬಿಡದ ಹಾಗೆ ಹೇಳ್ತೀನಿ."

ಮೂರು ಕಡೆಯೂ ಗಾಡಿಗಳು ಅವಳಿಗಿಂತ ಮುಂಚೆ ಬಂದು ನಿಂತಿದ್ದವು. ಕಾನೂನಿನ ಪ್ರಕಾರ ಅವರೇ ಮೊದಲು ಹೋಗಬೇಕಿತ್ತು. ಆರ್ಲಿಸ್ ಬ್ರೇಕಿನಿಂದ ಕಾಲು ತೆಗೆದು ವ್ಯಾನನ್ನು ಮುಂದಕ್ಕೆ ಬಿಟ್ಟಳು.